ಅರವತ್ತೊಂದು ಚೀಟಿ

ಎಂಟು ಹೊಡೆಯಿತು. ಬಾಗಿಲು ಹಾಕಿದೆ.
ಟೆಸ್ಕಿ ಸೈಡಿಂಗಿನ ಕರ್ಲಿಂಗ್ ಅಂಗಳವೇ ಮತಗಟ್ಟೆ;
ಇನ್ನೂ ನೀರು ಹಾಯಿಸಿ ಹೆಪ್ಪುಗಟ್ಟಿಸಿಲ್ಲ,
ಬರಿಯ ಸಿಮೆಂಟು, ಮಡಚುವ ಮೇಜು,
ರಟ್ಟಿನ ಪೆಟ್ಟಿಗೆ,
ದಾರ ಕಟ್ಟಿದ ಎರಡು ಪೆನ್ಸಿಲ್ಲು.
ಹೊರಗೆ ಅಕ್ಟೋಬರ್. ಗಾಳಿ.
ಗಾಳಿಗೆ ಯಾವ ಪಕ್ಷವೂ ಇಲ್ಲ,
ಎಲ್ಲರ ಫಲಕಗಳನ್ನೂ ಕಿತ್ತು ತಂದು
ಒಂದೇ ಬೇಲಿಗೆ ಒರಗಿಸುತ್ತದೆ.

ಬಯಲು ಇದು. ಬಯಲಲ್ಲಿ ಗುಟ್ಟೆಲ್ಲಿ?
ಯಾರ ಮನೆಯ ದೀಪ ಎಷ್ಟು ಹೊತ್ತಿಗೆ ಆರಿತು,
ಯಾರ ಟ್ರಕ್ಕು ಯಾರ ಅಂಗಳದಲ್ಲಿ ನಿಂತಿತು,
ಆರು ಮೈಲಿ ಆಚೆಗೂ ಕಾಣುತ್ತದೆ.
ಆದರೂ ನಾಲ್ಕು ವರ್ಷಕ್ಕೊಮ್ಮೆ
ರಟ್ಟಿನ ಮರೆಗೆ ಹೋಗಿ ಬೆನ್ನು ಬಾಗಿಸುತ್ತೇವೆ,
ಮಕ್ಕಳು ಕಣ್ಣು ಮುಚ್ಚಿಕೊಂಡು
ತಾವು ಯಾರಿಗೂ ಕಾಣುವುದಿಲ್ಲ ಅಂದುಕೊಳ್ಳುವ ಹಾಗೆ.

ಇಪ್ಪತ್ತಾರು ವರ್ಷ ಈ ಊರಿನ ಅಂಚೆ ವಿಂಗಡಿಸಿದವಳು, ಹಿಲ್ಡುರ್, ನಾನು.
ಕೈಬರಹ ಬಲ್ಲೆ.
ಬರಿ ಎರಡು ಗೀರಿನಲ್ಲೂ ಕೈ ಅಡಗುವುದಿಲ್ಲ.
ಇದು ಟಾರ್ವಲ್ಡನದು: ವೃತ್ತ ದಾಟಿ ಆಚೆ ಬಿದ್ದಿದೆ,
ಅವನ ದನಗಳ ಹಾಗೆ.
ಇದು ಮರುಸ್ಯಾಳದು: ಕಾಗದ ಹರಿಯುವಷ್ಟು ಒತ್ತು,
ಗಂಡ ಸತ್ತ ಮೇಲೆ ಎಲ್ಲವನ್ನೂ ಹೀಗೇ ಒತ್ತುತ್ತಾಳೆ.
ಇದರಲ್ಲಿ ಯಾರೋ ಬರೆದಿದ್ದಾರೆ: 'ಸೇತುವೆ?'
ಅಮಾನ್ಯ. ಬದಿಗಿಟ್ಟೆ.
ಪ್ರಶ್ನೆ ಮಾತ್ರ ಮಾನ್ಯವಾದದ್ದೇ.

ನನ್ನ ಗಂಡ ಒರೆಸ್ಟ್
ನಲವತ್ತು ವರ್ಷ ನಮ್ಮವರ ಫಲಕ ಬರೆದವನು.
ನಮ್ಮವರು ಅಂದರೆ ನಮ್ಮವರು. ಅದಕ್ಕೆ ವಿವರಣೆ ಇಲ್ಲ.
ಅವನಪ್ಪ ಜಾರುಬಂಡಿ ಕಟ್ಟಿ, ಮೀಸೆಗೆ ಮಂಜು ಕಟ್ಟಿಸಿಕೊಂಡು
ಗೋಧಿ ಸಂಘಕ್ಕೆ ಚಂದಾ ಎತ್ತಿದ ಕಾಲದಿಂದ ನಮ್ಮವರು.
ಪಕ್ಷ ಎರಡು ಸಲ ಹೆಸರು ಬದಲಿಸಿತು, ಒಂದು ಸಲ ಬಣ್ಣ.
ಹಳೆಯ ಹೆಸರಿನ ಹಲಗೆ ಈಗ ಕೋಳಿಗೂಡಿನ ಮಾಡು;
ಕೋಳಿಗಳು ಕತ್ತೆತ್ತಿದರೆ ಓದಬಹುದು,
'ಮನುಷ್ಯ ಮೊದಲು'.

ಎಲ್ಡ್ರಿಜ್ ಆಸ್ಪತ್ರೆಗೆ ಅವರು ಬೀಗ ಹಾಕಿದರು.
ನಮ್ಮವರು ಬಂದರು, ಕೀಲಿ ಕಳೆದರು.
ಒರೆಸ್ಟನಿಗೆ ಎದೆ ಹಿಡಿದ ರಾತ್ರಿ
ನೂರಹತ್ತು ಕಿಲೋಮೀಟರು ನಾನೇ ಟ್ರಕ್ಕು ಓಡಿಸಿದೆ.
ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು:
'ನಿಧಾನ. ಜಿಂಕೆ.'

ಸೆಪ್ಟೆಂಬರಿನಲ್ಲಿ ಡೆಲ್ಫೀನ್ ಒಕೆಮಾ ಬಂದಿದ್ದಳು.
ಮೂರನೆಯ ಪಕ್ಷ, ಇನ್ನೂ ಹಾಲುಹಲ್ಲು ಮೂಡದ ಕೂಸು.
ನದಿಯಾಚೆಯ ಕ್ರೀ ಜನರವಳು, ಆಂಬುಲೆನ್ಸ್ ಓಡಿಸುವವಳು.
ಕರಪತ್ರ ಕೊಡಲಿಲ್ಲ. ಬೂಟು ಬಿಚ್ಚಿ ಒಳಗೆ ಬಂದಳು,
ಒಂದು ಕಾಲುಚೀಲದಲ್ಲಿ ತೂತು.
'ಆ ರಾತ್ರಿ ನೀವು ಕರೆದಾಗ
ಗಾಡಿ ಬೇರೆ ಮನೆಯ ಮುಂದಿತ್ತು' ಅಂದಳು.
'ಎರಡು ಊರಿಗೂ ಇರುವುದು ಅದೊಂದೇ. ಕ್ಷಮಿಸಿ.'
ಒರೆಸ್ಟ್ ಕಿಟಕಿಯಾಚೆ ನೋಡುತ್ತ ಕೂತಿದ್ದ.
ಓಟು ಕೇಳಬೇಕಾದವಳು
ಕ್ಷಮೆ ಕೇಳಿ ಎದ್ದುಹೋದಳು.

ಅವರಿಗೆ ನಲವತ್ತೊಂದು. ಯಾವಾಗಲೂ ಹಾಗೆಯೇ.
ನಮ್ಮವರಿಗೆ ಹದಿನೇಳು.
ಡೆಲ್ಫೀನಳಿಗೆ ಎರಡು.

ಒಂದು ನನಗೆ ಗೊತ್ತು, ನಾನೇ ಹಾಕಿದ್ದು,
ಮಧ್ಯಾಹ್ನ, ಕಳ್ಳಿಯ ಹಾಗೆ.
ಇನ್ನೊಂದನ್ನು ದೀಪದ ಕೆಳಗೆ ಹಿಡಿದೆ:
ಅಳೆದಿಟ್ಟಂತೆ ನೇರ ಗೀರು,
ಎರಡರ ಕೊನೆಯಲ್ಲೂ ಸಣ್ಣ ಬಾಲ,
ಕುಂಚ ಎತ್ತುವಾಗ ಬೀಳುವಂಥದ್ದು.
ಪಕ್ಷಗಳ ಏಜೆಂಟರಿಬ್ಬರೂ ನನ್ನ ಮುಖ ನೋಡುತ್ತಿದ್ದರು.
'ಮಾನ್ಯ' ಅಂದೆ.
ಲಕೋಟೆಗೆ ಹಾಕಿ ಅಂಟಿಸಿದೆ.

ಮನೆಗೆ ಬಂದೆ. ಅಡುಗೆಮನೆಯಲ್ಲಿ ಕತ್ತಲಲ್ಲೇ ಕೂತಿದ್ದ,
ನಿಲ್ಲದೆ ಹೋಗುವ ಗೂಡ್ಸ್ ರೈಲಿನ
ಡಬ್ಬಿ ಎಣಿಸುತ್ತ.
'ನಮ್ಮವರಿಗೆಷ್ಟು?'
'ಹದಿನೇಳು.'
'ಹೋದ ಸಲ ಹತ್ತೊಂಬತ್ತು' ಅಂದ.
ಸತ್ತವರಿಲ್ಲ, ಊರು ಬಿಟ್ಟವರಿಲ್ಲ.
ಬಹಳ ಹೊತ್ತು ಸುಮ್ಮನಿದ್ದು,
ರೈಲಿನ ಕೊನೆಯ ಡಬ್ಬಿಯೂ ದಾಟಿದ ಮೇಲೆ ಕೇಳಿದ,
'ಇನ್ನೊಬ್ಬರು ಯಾರು?'

ಬೀಟ್ರೂಟಿನ ಸಾರು ಬಿಸಿಗಿಟ್ಟೆ.
ದೀಪ ಹಾಕಲಿಲ್ಲ.