ಎರಡಿಂಚು ಒಳಮಡಿಕೆ

ಜೂನ್ ತಿಂಗಳ ಯೂನಿಫಾರ್ಮ್ ದುಡ್ಡು,
ದಾರ, ಗುಂಡಿ, ಕಾಜಾದ ಹುಡುಗಿಯ ಕೂಲಿ ಎಲ್ಲ ಕಳೆದು
ಬಿಸ್ಕೀಟಿನ ಡಬ್ಬಿಯಲ್ಲಿ ಉಳಿದದ್ದು ಹದಿನೆಂಟು ಸಾವಿರ.
ಅದನ್ನು ಸೆರಗಿಗೆ ಕಟ್ಟಿಕೊಂಡು
ಗ್ರೀನ್ ಸ್ಟ್ರೀಟಿನಲ್ಲಿ ಬಾಂದೇಕರರ ಸ್ಟುಡಿಯೋ ಮೆಟ್ಟಿಲು ಹತ್ತಿದೆ.

ಕೌಂಟರಿನ ಮೇಲೆ ಎರಡು ಲೆನ್ಸು.

ಒಂದು ಹೊಸದು, ಹಗುರ, ಪ್ಲಾಸ್ಟಿಕ್ ಕತ್ತು,
ನನ್ನ ಸಣ್ಣ ಕ್ಯಾಮೆರಾದ ಮೈ ಅಳೆದು ಹೊಲಿದ ಹಾಗೆ.
ಇನ್ನೊಂದು ಯಾರದೋ ಕೈಯಲ್ಲಿ ಪಳಗಿದ್ದು,
ಅಂಚಿನ ಬಣ್ಣವನ್ನು ಉಪ್ಪುಗಾಳಿ ತಿಂದಿದೆ,
ಎತ್ತಿದರೆ ನಡುಗಾತ್ರದ ಇಸ್ವಣದಷ್ಟು ಭಾರ.

"ಬಾಯಿ," ಎಂದರು ಬಾಂದೇಕರ, ಕನ್ನಡಕ ಹಣೆಗೇರಿಸಿ,
"ಇದು ಇವತ್ತಿನದು, ಅದು ನಾಳೆಯದು.
ಮುಂದೆ ನೀವು ದೊಡ್ಡ ಸೆನ್ಸರಿನ ಕ್ಯಾಮೆರಾ ಕೊಂಡರೆ
ಇದು ನಾಲ್ಕೂ ಮೂಲೆಗೆ ಮಸಿ ಬಳಿಯುತ್ತದೆ.
ಅದು ಚೆಲ್ಲುವ ಬೆಳಕಿನ ವೃತ್ತ ದೊಡ್ಡದು.
ಸದ್ಯಕ್ಕೆ ನಿಮ್ಮದರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಕು
ಒಳಗಿನ ಕಪ್ಪು ಗೋಡೆಗೆ ಬಿದ್ದು ಹೋಗುತ್ತದೆ.
ಹೋಗಲಿ."

ಆ ಹೋಗಲಿ ನನಗೆ ಗೊತ್ತು.
ಇಪ್ಪತ್ತಾರು ವರ್ಷ ಅದನ್ನೇ ಹೊಲಿದಿದ್ದೇನೆ.
ಬೆಳೆಯುವ ಮಗು, ಅಕ್ಕ, ಎರಡಿಂಚು ಒಳಗೆ ಬಿಡಿ—
ಕೋಡಿಬಾಗದ ಒಬ್ಬ ತಾಯಿಯೂ ಇದನ್ನು ಹೇಳದೆ ಹೋದದ್ದಿಲ್ಲ.
ಬಿಟ್ಟಿದ್ದೇನೆ. ಯಾರಿಗೂ ಕಾಣದ ಬಟ್ಟೆ,
ಮಗುವಿನ ಕಾಲ ಸುತ್ತ ತಿರುಗುವ ಮುಂದಿನ ವರ್ಷ.

ಹೇಳದಿರುವುದೂ ಒಂದಿದೆ.
ಮಡಿಕೆ ಬಿಚ್ಚಿದ ದಿನ ಹಳೆಯ ನೀಲಿಯ ಕೆಳಗೆ
ಹೊಸ ನೀಲಿಯ ಪಟ್ಟಿ ಎದ್ದು ಕಾಣುತ್ತದೆ,
ಎಷ್ಟು ಒಗೆದರೂ ಎರಡೂ ಒಂದಾಗುವುದಿಲ್ಲ.
ಕೆಲವರು ಮಡಿಕೆಗಿಂತ ಮೊದಲೇ ಶಾಲೆ ಬಿಟ್ಟರು.
ಬೈತಕೋಲದ ಸುವಿಧಾ ಉದ್ದವೇ ಆಗಲಿಲ್ಲ,
ಆ ಲಂಗ ತಂಗಿಗೆ ಬಂತು,
ತಂಗಿಗೂ ಮಡಚಿಯೇ.

ಜೊತೆಗೆ ಬಂದಿದ್ದ ಮೈದುನ ಉಮಾಕಾಂತ ಬಾಗಿಲಲ್ಲೇ ನಿಂತು
"ಪಾತಿ ದೋಣಿಗೆ ದೊಡ್ಡ ಇಂಜಿನ್ ಕಟ್ಟಿದರೆ
ಹಿಂಬದಿ ಮುಳುಗುತ್ತದೆ, ವೈನಿ" ಎಂದ.
ಅನುಭವದ ಮಾತು.
ಬರಲಿರುವ ದೋಣಿಗೆಂದು ಅವನು ಕೊಂಡ ಇಂಜಿನ್
ಎಂಟು ವರ್ಷದಿಂದ ಹಿತ್ತಿಲ ಟಾರ್ಪಾಲಿನ ಕೆಳಗೆ
ಕಾವಿಗೆ ಕೂತಿದೆ.

ನಾನು ಕೇಳಿದೆ: ದೊಡ್ಡ ಕ್ಯಾಮೆರಾ ಬಂದ ಮೇಲೆ
ಕಡಲ ಹದ್ದು ಇನ್ನೂ ಹತ್ತಿರ ಬರುತ್ತದಲ್ಲ?
ಬಾಂದೇಕರ ನಕ್ಕರು.
"ಇಲ್ಲ ಬಾಯಿ, ದೂರ ಹೋಗುತ್ತದೆ.
ಸಣ್ಣದು ನಡುವನ್ನಷ್ಟೇ ಕತ್ತರಿಸಿ ಕೊಡುತ್ತದೆ,
ಅದಕ್ಕೇ ಹತ್ತಿರ ಅನ್ನಿಸುವುದು.
ದೊಡ್ಡದರಲ್ಲಿ ಆಕಾಶ ಹೆಚ್ಚು. ಹಕ್ಕಿ ಅಷ್ಟೇ."

ಕತ್ತರಿ ಹಿಡಿದು ಬಾಳಿದವಳು ನಾನು,
ಆದರೂ ಇದು ಹೊಳೆದಿರಲಿಲ್ಲ.

ಕೊನೆಗೆ ಹಳೆಯದನ್ನೇ ಕೊಂಡೆ.
ನಾಳೆಗಾಗಿ ಎಂದರೆ ಸುಳ್ಳಾಗುತ್ತದೆ.
ಅದರ ಉಂಗುರ ತಿರುಗಿಸಿದಾಗ
ನನ್ನ ಮಷಿನ್ನಿನ ಚಕ್ರದ ಹಾಗೆ, ಎಣ್ಣೆ ಕುಡಿದ ನಿಧಾನ.
ಗಾಜಿನ ಮೇಲೊಂದು ಗೀರು, ಚಿತ್ರಕ್ಕೆ ಬರುವುದಿಲ್ಲವಂತೆ.
ಐನೂರು ಬಿಟ್ಟರು. ಮುಚ್ಚಳ ಪುಕ್ಕಟೆ.

ಭಾನುವಾರ ಕಾಳಿ ಕಡಲು ಸೇರುವಲ್ಲಿ, ಇಳಿತದ ಹೊತ್ತು,
ಗಾಳಿಮರದ ತುದಿಯಲ್ಲಿ ಹದ್ದು.
ಕೈ ನಡುಗಿತು, ಭಾರಕ್ಕೋ ಆಸೆಗೋ.
ಒತ್ತುವಷ್ಟರಲ್ಲಿ ಅದು ಮರಳದಿಬ್ಬದ ಮೇಲೆ ಜಾರಿ ಹೋಗಿತ್ತು.

ಪರದೆಯಲ್ಲಿ ಹಿಗ್ಗಿಸಿ ನೋಡಿದೆ.
ಮೇಲಂಚಿಗೆ ಒಂದು ಉಗುರು.
ಕೆಳಗೆ, ದಿಬ್ಬದಲ್ಲಿ, ಚಿಪ್ಪು ಹೆಕ್ಕುವ ಹುಡುಗ,
ರಜೆಯ ದಿನವೂ ಶಾಲೆಯದೇ ಪ್ಯಾಂಟು.
ಕಣಕಾಲಿನ ಬಳಿ, ಕೂದಲೆಳೆಯಷ್ಟೂ ಮಸುಕಿಲ್ಲದೆ,
ಹೊಸ ನೀಲಿಯ ಪಟ್ಟಿ.

ಬಿಚ್ಚಿದ್ದಾರೆ, ಒಂದೇ ಇಂಚು.
ಒಳಗೆ ಇನ್ನೊಂದಿದೆ.
ಅವನ ತಾಯಿಗೆ ಹೇಳಬೇಕು.