ಬಿಳಿ ಪುಡಿ

ಪಾಲಿಬೆಟ್ಟದ ತೋಟದ ಕೆರೆ.
ಕಂದು ಬಾಟಲಿಗೆ ಬಿರಡೆ ಒತ್ತುವಾಗ
ಚಾತ ಕೇಳಿದ:
"ವಾಸನೆ ಇಲ್ಲ, ಬಣ್ಣ ಇಲ್ಲ,
ಎಂತ ಹುಡುಕುದು ನೀವು?"

ಯಂತ್ರದ ಕಾಗದದಲ್ಲಿ ಸಪಾಟು ಗೆರೆ
ಹದಿನಾಲ್ಕನೇ ನಿಮಿಷಕ್ಕೆ
ಚಿಗುರಿನಂತೆ ಎದ್ದಿತು: ಲಿಂಡೇನ್.
ಕಾಂಡಕೊರಕ ಸತ್ತು, ಆ ಗಿಡವೂ ಸೌದೆಯಾಗಿ,
ಇದೊಂದು ಉಳಿದಿದೆ ಕೆಸರಲ್ಲಿ
ಆರು ಕ್ಲೋರಿನ್ ಬಿಗಿಹಿಡಿದು.

ತಟ್ಟೆಯಲ್ಲಿ ಕೆರೆನೀರು, ಚಿಟಿಕೆ ಟೈಟಾನಿಯಂ,
ಮೇಲೆ ಕಾಫಿ ಕಣದ ಬಿಸಿಲು.
ಒಂದೊಂದೇ ಕ್ಲೋರಿನ್ ಕೈಬಿಡುತ್ತದೆ.
ಐದನೆಯ ದಿನ ಗೆರೆ ಮಲಗಿತು;
ಪೂರ್ತಿ ಅಲ್ಲ.

"ಇದೂ ಬಿಳಿ ಪುಡಿಯೇ" ಎಂದ ಚಾತ.
ಬರಿಗೈಯಲ್ಲಿ ಕಾಂಡಕ್ಕೆ ಬಳಿದದ್ದು
ಎಷ್ಟು ವರ್ಷ, ನಾನು ಕೇಳಲಿಲ್ಲ.
ಡಬ್ಬಿಗೆ ಚಾಚಿದ ಬೆರಳು ಹಿಂದಕ್ಕೆಳೆದು
ಒಂದು ಜೊತೆ ಗ್ಲೌಸ್ ಇದೆಯಾ,
ಅಂದ.