ಚಕ್ಕುಬಂದಿ

ಇಪ್ಪತ್ತೆರಡು ವರ್ಷದಿಂದ ವಿರಾಜಪೇಟೆಯಲ್ಲಿ
ಸಬ್‌ರಿಜಿಸ್ಟ್ರಾರ್ ಆಫೀಸಿನೆದುರು
ಪತ್ರ ಬರೆದು ಬದುಕುವವನು ನಾನು.
ನಾಲ್ಕು ದಿಕ್ಕು ಹೇಳಿದರೆ ಸಾಕು,
ನಡುವಿನ ನೆಲವನ್ನು ಕಾಗದದ ಮೇಲೆ ಹುಟ್ಟಿಸಿಕೊಡುತ್ತೇನೆ.

ಜಾಗ ನೋಡದೆ ಬರೆಯಬೇಡ, ಎಂದಳು ನಬೀಸುಮ್ಮ.
ಬಸ್ಸಿಳಿದು, ಎಸ್ಟೇಟಿನ ಬೇಲಿ ಬಳಸಿ,
ಕಾಫಿ ಹೂವಿನ ವಾಸನೆಗೆ ತಲೆ ಭಾರವಾಗಿ
ಇಳಿದೆ ಕಲ್ಲುಕಡವಿಗೆ.
ಮೂವತ್ತೊಂದು ಮನೆ, ಒಂದು ಮಸೀದಿ,
ಒಂದು ಮುತ್ತಪ್ಪನ ಗುಡಿ, ಎರಡು ತೆಪ್ಪ,
ಬಾಯಿಗೆ ಬಟ್ಟೆ ಕಟ್ಟಿಕೊಂಡ ಒಂದು ನಲ್ಲಿ.
ಏಪ್ರಿಲ್ ತಿಂಗಳು.
ಕಾವೇರಿ ಬಂಡೆಗಳ ನಡುವೆ ತಲೆ ತಗ್ಗಿಸಿ ನಡೆಯುತ್ತಿದ್ದಳು
ಸಾಲ ಕೇಳಲು ಬಂದವರ ಹಾಗೆ.

ಕೊಳ್ಳುವವರು ಬರುವುದು ಈ ತಿಂಗಳಲ್ಲೇ.
ದಲ್ಲಾಳಿ ಬೇಬಿಚ್ಚನ್ ಆಗಲೇ ಬಂದು
ಡ್ರೋನು ಹಾರಿಸುತ್ತಿದ್ದ.
“ಇಲ್ಲೊಂದು ಡೆಕ್ಕು, ಅಲ್ಲಿ ಮೂರು ಕಾಟೇಜು,
ನೀರಿಗೆ ಕಾಲು ಇಳಿಬಿಟ್ಟು ಕಾಫಿ.
ಸೆಂಟಿಗೆ ಎಪ್ಪತ್ತು ಸಾವಿರ, ದಾಖಲೆ ಇಲ್ಲದ ಜಾಗಕ್ಕೆ!
ಇನ್ನೆರಡು ವರ್ಷಕ್ಕೆ ರೇಟು ಎಲ್ಲಿ ಹೋಗುತ್ತೆ ನೋಡಿ.”
ನಾನು ಮೇಲೆ ನೋಡಿದೆ.
ಒಂದು ಹದ್ದು ಡ್ರೋನಿನ ಸುತ್ತ ಅನುಮಾನದಿಂದ ಸುತ್ತುತ್ತಿತ್ತು.

ನಬೀಸುಮ್ಮ ಬಿಸ್ಕತ್ತಿನ ತಗಡು ಡಬ್ಬ ತಂದಿಟ್ಟಳು.
ರೇಷನ್ ಕಾರ್ಡು, ಕರೆಂಟ್ ಬಿಲ್ಲು,
ಹಕ್ಕುಪತ್ರ ಕೇಳಿದ್ದಕ್ಕೆ ಬಂದ ನಾಲ್ಕು ಹಿಂಬರಹ,
“ಸದರಿ ಜಾಗವು ಹೊಳೆದಂಡೆಯ ಪೈಸಾರಿ ಆಗಿರುವುದರಿಂದ”—
ಎಲ್ಲಕ್ಕಿಂತ ಅಡಿಯಲ್ಲಿ, ಮಡಿಕೆಯಲ್ಲಿ ಹರಿದ ಒಂದು ಹಾಳೆ:
ನೆರೆ ಪರಿಹಾರದ ಪಟ್ಟಿ, ಕ್ರಮ ಸಂಖ್ಯೆ ಹದಿನೇಳು.
“ನಾನಿಲ್ಲಿದ್ದೇನೆ ಅಂತ ಸರ್ಕಾರ ಒಪ್ಪಿದ್ದು ಇದೊಂದರಲ್ಲೇ.
ಹೊಳೆ ಮನೆಯೊಳಗೆ ಬಂದು ಸಾಕ್ಷಿ ಹೇಳಿದ ಮೇಲೆ.”

ಬಾಗಿಲ ಚೌಕಟ್ಟಿನ ತುಂಬ ಕತ್ತಿಯ ಗೀರು.
ಎಡಕ್ಕೆ ಮಗಳು ರಮ್ಲತ್, ವರ್ಷವರ್ಷದ ಎತ್ತರ.
ಬಲಕ್ಕೆ ಹೊಳೆ.
ನಾಲ್ಕನೇ ಕ್ಲಾಸಿನಲ್ಲಿ ಹೊಳೆಯೇ ಎರಡು ಗೇಣು ಉದ್ದ.
ಏಳರಲ್ಲಿ ಅದು ಬರಲೇ ಇಲ್ಲ.
“ಈಗ ಸಾಧಾರಣ ನೀರಿಗೆ ನಾನೇ ಎತ್ತರ,”
ಪಿಯುಸಿ ಹುಡುಗಿ ನಕ್ಕಳು,
ಮೇಲಿನ ಗೀರಿಗೆ ಕೈ ಚಾಚಿ, ಮುಟ್ಟದೆ.
ಫೋಟೋ ತೆಗೆಯುವಾಗ ಬೇಬಿಚ್ಚನ್
ಆ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತ.

ಮೇಲೆ ಗುಡ್ಡದಲ್ಲಿ ಇವರಿಗೊಂದು ಸೈಟು ಇದೆಯಂತೆ.
“ಅಲ್ಲಿ ಹಕ್ಕುಪತ್ರ ಇದೆ, ನೀರಿಲ್ಲ.
ಇಲ್ಲಿ—” ಎಂದವಳು ಮಾತು ಬಿಟ್ಟು
ಬಾಳೆಮೀನಿನ ಮೈ ಉಜ್ಜತೊಡಗಿದಳು.

ಕ್ರಯಪತ್ರ ಎಂದುಕೊಂಡೇ ಹಾಳೆ ಬಿಚ್ಚಿದ್ದೆ.
“ಮಾರೋದಕ್ಕಲ್ಲ. ಮೂರು ಸೆಂಟು ಚೋಮಿಗೆ ಬರಿ.
ಅವಳ ಮನೆ ದಕ್ಷಿಣಕ್ಕಿತ್ತು.”
ದಕ್ಷಿಣಕ್ಕೆ ನೋಡಿದೆ. ಮೆಟ್ಟಿಲು ಎರಡಿದ್ದವು.
ಮೂರನೆಯದು ನೀರಲ್ಲಿ.
ಎರವರ ಚೋಮಿ ಟಾರ್ಪಾಲಿನ ನೆರಳಲ್ಲಿ ಕೂತು
ನನ್ನನ್ನಲ್ಲ, ನನ್ನ ಪೆನ್ನನ್ನು ನೋಡುತ್ತಿದ್ದಳು.

ನಿನ್ನದಲ್ಲದ ಜಾಗ ಕೊಡಲಾಗದು ನಬೀಸುಮ್ಮ, ಎಂದೆ,
ಕಾನೂನು ಗೊತ್ತಿದ್ದವನ ಗತ್ತಿನಲ್ಲಿ.
“ಅವಳದಲ್ಲದ್ದನ್ನ ಹೊಳೆ ಹೇಗೆ ತಗೊಂಡಿತು ಹಾಗಾದ್ರೆ?”

ಬರೆದೆ. ಇಪ್ಪತ್ತು ರೂಪಾಯಿ ಛಾಪಾ ಕಾಗದ,
ಯಾವ ಕೋರ್ಟಿಗೂ ಬೇಡದ್ದು.
ಪಶ್ಚಿಮಕ್ಕೆ ಎಸ್ಟೇಟಿನ ಕರೆಂಟ್ ಬೇಲಿ, ಆನೆಗೆಂದು ಹಾಕಿದ್ದು.
ಉತ್ತರಕ್ಕೆ ಸದರಿ ನಬೀಸುಮ್ಮನ ಉಳಿದ ನಾಲ್ಕು ಸೆಂಟು.
ದಕ್ಷಿಣಕ್ಕೆ ಎರಡು ಮೆಟ್ಟಿಲು.
ಪೂರ್ವಕ್ಕೆ ಹೊಳೆ—
ಅಲ್ಲಿ ಪೆನ್ನು ನಿಂತಿತು.
ಯಾವ ತಿಂಗಳ ಹೊಳೆ? ಎಲ್ಲಿಂದ ಟೇಪು ಹಿಡಿಯಲಿ?
“ಇವತ್ತು ಇರೋ ಕಡೆ ಬರಿ,” ಎಂದಳು ಚೋಮಿ,
ಅಷ್ಟು ಹೊತ್ತಿನ ಮೇಲೆ ಮೊದಲ ಮಾತು.

ಹೆಬ್ಬೆಟ್ಟು ಒತ್ತಿ, ಶಾಯಿ ತೊಳೆಯಲು
ಅವಳು ಪೂರ್ವಕ್ಕೇ ಇಳಿದಳು.
ಫೀಸು ಇನ್ನೂರು, ತಗೊಂಡೆ.
ಮೀನು ಬೇಡವೆಂದೆ, ಬಿಡಲಿಲ್ಲ.
ಬಸ್ಸಿನಲ್ಲಿ ಚೀಲದಿಂದ ನೀರು ಸೋರಿ
ಕಾಲಡಿಯಲ್ಲಿ ಸಣ್ಣದೊಂದು ಗೆರೆ
ನನ್ನ ಸೀಟಿನಿಂದ ಪಕ್ಕದವರ ಸೀಟಿಗೆ ಹರಿಯಿತು.